ಓದುಗರ ಸ್ಪಂದನ: ಮಗಳ ಎಂಎಸ್‌ಗೆ ಯಾವ ಯೂನಿವರ್ಸಿಟಿ?

ಕಳೆದ ಸಂಚಿಕೆಯ ಸಮಸ್ಯೆ: ಮಗಳು ಬಿಇ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದಾಳೆ. ಅಮೆರಿಕದಲ್ಲಿ ಎಂಎಸ್‌ಗೆ ಮೂರು ಕಡೆ ಸೀಟು ಸಿಕ್ಕಿದೆ. ಬಾಸ್ಟನ್ನಿನ ಖಾಸಗಿ ಯೂನಿವರ್ಸಿಟಿಗೆ ಹೆಸರು ಜಾಸ್ತಿ, ಫೀಸೂ ಜಾಸ್ತಿ. ಟೆಕ್ಸಾಸಿನ ಸರ್ಕಾರಿ ಯೂನಿವರ್ಸಿಟಿ ಸಾವಿರ ಡಾಲರ್ ಸ್ಕಾಲರ್‌ಶಿಪ್ ಕೊಡುತ್ತದಂತೆ. ಮೂರನೆಯದು ಇಂಡಿಯಾನಾದ ಒಂದು ಸಣ್ಣ ಊರಿನದು. ಕನ್ಸಲ್ಟೆನ್ಸಿಯವರು ಬಾಸ್ಟನ್ನಿಗೇ ಕಳಿಸಿ ಅನ್ನುತ್ತಾರೆ. ಫೀಸು ಕಷ್ಟ ಅಂದರೆ, ಸೇರಿದ ದಿನದಿಂದಲೇ ಹೊರಗೆ ಕೆಲಸ ಮಾಡಬಹುದಾದ ಇನ್ನೊಂದು ಕಾಲೇಜು ಇದೆ ಅನ್ನುತ್ತಾರೆ. ನಮಗಿರುವುದು ಒಂದು ಮನೆ, ಎರಡೆಕರೆ ತೋಟ. ಏನು ಮಾಡಲಿ? – ಒಬ್ಬ ತಾಯಿ, ಹಾಸನ

ಅಕ್ಕಾ, ಬರೀ ಸಾವಿರ ಡಾಲರ್ ತಾನೇ ಅಂತ ಟೆಕ್ಸಾಸಿನ ಪತ್ರವನ್ನು ಪಕ್ಕಕ್ಕಿಡಬೇಡಿ. ಅಲ್ಲಿಯ ಸರ್ಕಾರಿ ಯೂನಿವರ್ಸಿಟಿಗಳಿಗೆ ಒಂದು ನಿಯಮವಿದೆ. ಪೈಪೋಟಿಯಲ್ಲಿ ಗೆದ್ದ ಸ್ಕಾಲರ್‌ಶಿಪ್ ವರ್ಷಕ್ಕೆ ಕನಿಷ್ಠ 1,000 ಡಾಲರ್ ಇದ್ದರೆ, ಹೊರಗಿನವರ ಫೀಸಿನ ಬದಲು ಆ ರಾಜ್ಯದವರ ಫೀಸನ್ನೇ ತೆಗೆದುಕೊಳ್ಳಲು ಅವಕಾಶವಿದೆ. ಎರಡಕ್ಕೂ ಅಜಗಜಾಂತರ. ಅಂದರೆ ಆ ಸಾವಿರದಿಂದ ಆಗುವ ಉಳಿತಾಯ ಸಾವಿರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಗಬಹುದು. ಆದರೆ ಎಲ್ಲ ಸ್ಕಾಲರ್‌ಶಿಪ್‌ಗೂ ಇದು ಅನ್ವಯಿಸುವುದಿಲ್ಲ. ಮಗಳಿಂದಲೇ ಇವತ್ತು ಒಂದು ಇಮೇಲ್ ಕಳಿಸಿ. ಇದರ ಜೊತೆ ರಾಜ್ಯದವರ ಫೀಸು ಬರುತ್ತದಾ, ಒಂದು ವರ್ಷಕ್ಕೋ ಕೋರ್ಸು ಮುಗಿಯುವವರೆಗೋ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು? ಉತ್ತರ ಬರಹದಲ್ಲೇ ಬರಲಿ. ಅಲ್ಲೇ ಎರಡು ವರ್ಷ ಇದ್ದರೆ ತಾನಾಗಿಯೇ ಫೀಸು ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಫ್‌-1 ವೀಸಾದ ವಿದ್ಯಾರ್ಥಿ ಸಾಮಾನ್ಯವಾಗಿ ಹೊರಗಿನವನಾಗಿಯೇ ಉಳಿಯುತ್ತಾನೆ.

ಇನ್ನೊಂದು ಮಾತು. ನಮ್ಮ ಟೆಕ್ಸಾಸಿನ ಕಡೆ ಬಸ್ಸು ಕಡಿಮೆ, ಕಾರಿಲ್ಲದೆ ಓಡಾಟ ಕಷ್ಟ. ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಸಿಗುತ್ತದಾ ಅಂತ ವಿಚಾರಿಸಿ.
– ಸಾಫ್ಟ್‌ವೇರ್ ಎಂಜಿನಿಯರ್, ಡಾಲಸ್

ತಾಯೀ, ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೇ ಇದ್ದು ನಿವೃತ್ತನಾದವನು. ಯೂನಿವರ್ಸಿಟಿ ಆರಿಸುವ ಮೊದಲು ಸಾಲ ಆರಿಸಿ.

ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋದರೆ ಹೆಚ್ಚಿನ ಕಡೆ ತಲೆ ಅಲ್ಲಾಡಿಸುತ್ತಾರೆ. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದಕ್ಕೇ ಹಿಂಜರಿಕೆ. ಹಾಗಾಗಿ ಅಡಮಾನಕ್ಕೆ ಉಳಿಯುವುದು ಮನೆ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಫಾರ್ಮ್ 9 ಮತ್ತು 11ಎ ಇದೆಯಾ ನೋಡಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಮೊದಲೇ ಮ್ಯಾನೇಜರ್ ಹತ್ತಿರ ಮಾತಾಡಿ. ಅಡಮಾನವಿಲ್ಲದ ಸಾಲವೂ ಸಿಗುತ್ತದೆ, ಬಡ್ಡಿ ಜಾಸ್ತಿ.

ಈಗ ಲೆಕ್ಕ. ಯೂನಿವರ್ಸಿಟಿ ಕಳಿಸುವ ಐ-20 ಅನ್ನುವ ಕಾಗದದಲ್ಲಿ ಫೀಸು, ಊಟ, ವಸತಿ, ಆರೋಗ್ಯ ವಿಮೆ ಎಲ್ಲ ಸೇರಿಸಿ ಖರ್ಚು ಬರೆದಿರುತ್ತಾರೆ. ಮೂರೂ ಕಡೆಯ ಅಂಕಿ ಪಕ್ಕಪಕ್ಕ ಇಟ್ಟುಕೊಳ್ಳಿ. ಉದಾಹರಣೆಗೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿ ಸೇರಿ ಸಾಲ 50 ಲಕ್ಷ ಆಗಿದೆ ಅನ್ನಿ. ಶೇ 11ರ ಬಡ್ಡಿಗೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 69 ಸಾವಿರ. ಅದೇ 30 ಲಕ್ಷವಾದರೆ ಸುಮಾರು 41 ಸಾವಿರ. ಓದುವಾಗ ಕಂತು ಇಲ್ಲ ಅಂತ ಖುಷಿಪಡಬೇಡಿ, ಆಗಲೂ ಬಡ್ಡಿ ಏರುತ್ತಲೇ ಇರುತ್ತದೆ.

ಈ ಕಂತನ್ನು ಅಮೆರಿಕದ ಸಂಬಳದಲ್ಲಿ ಕಟ್ಟುತ್ತೇವೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನೀವು ಬೆಂಗಳೂರಿನ ಸಂಬಳದಲ್ಲಿ ಹಾಕಿ ನೋಡಿ. ಕೆಲಸದ ವೀಸಾ ಎಚ್‌-1ಬಿಗೆ ವರ್ಷದ ಮಿತಿ 85,000. ಅರ್ಜಿಗಳು ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದರಿಂದ ಆಯ್ಕೆಯಾಗುವುದು ಅದೃಷ್ಟದ ಮಾತು. ಮಗಳು ವಾಪಸ್ ಬಂದು ಇಲ್ಲೇ ಕೆಲಸಕ್ಕೆ ಸೇರಿದರೂ ಮನೆ ಉಳಿಯಬೇಕು. ಆ ಲೆಕ್ಕದಲ್ಲಿ ಪಾಸಾಗುವ ಯೂನಿವರ್ಸಿಟಿಯೇ ನಿಮಗೆ ಸರಿ.
– ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಪತ್ರ ಎರಡು ಸಲ ಓದಿದೆ. ಕನ್ಸಲ್ಟೆನ್ಸಿ ಏನನ್ನುತ್ತದೆ ಅಂತ ಇದೆ. ನಿಮ್ಮ ಮಗಳು ಏನನ್ನುತ್ತಾಳೆ ಅಂತ ಒಂದು ಸಾಲೂ ಇಲ್ಲವಲ್ಲ?
– ಗೃಹಿಣಿ, ಮಂಗಳೂರು

ಮೇಡಂ, ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿವರ್ಷ ಹುಡುಗರು ಶಿಫಾರಸು ಪತ್ರಕ್ಕೆ ಬರುತ್ತಾರೆ. ಆಗ ನಾನು ಒಂದನ್ನು ಕೇಳುತ್ತೇನೆ: ನಿಮ್ಮ ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವವರು ಯಾರು? ಅಮೆರಿಕದ ಕಾನೂನು ಅಲ್ಲಿಯ ಮಕ್ಕಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಅಂತ ಕಮಿಷನ್ ಕೊಡುವುದನ್ನು 1992ರಲ್ಲೇ ನಿಷೇಧಿಸಿದೆ. ಆದರೆ ವಿದೇಶದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಅದಕ್ಕೆ ವಿನಾಯಿತಿ ಇದೆ. ಹಾಗಾಗಿ ನಿಮ್ಮಿಂದ ಫೀಸು ತೆಗೆದುಕೊಳ್ಳದ ಕನ್ಸಲ್ಟೆನ್ಸಿ ಧರ್ಮಕ್ಕೆ ಕೆಲಸ ಮಾಡುತ್ತಿದೆ ಅಂದುಕೊಳ್ಳಬೇಡಿ. ಬಾಸ್ಟನ್ನಿಂದ ಕಮಿಷನ್ ಬರುತ್ತದಾ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ.

ರ‍್ಯಾಂಕಿನ ಬಗ್ಗೆಯೂ ಅಷ್ಟೇ. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿ ಒಂದು ಪ್ರಸಿದ್ಧ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. ಕೊಟ್ಟ ಅಂಕಿಅಂಶ ಸರಿಯಿಲ್ಲ ಎಂದು ಅಲ್ಲಿಯ ಗಣಿತದ ಪ್ರಾಧ್ಯಾಪಕರೇ ಬಯಲಿಗೆಳೆದರು. 2022ರಲ್ಲಿ ಅದು 18ಕ್ಕೆ ಇಳಿಯಿತು. ಪಾಠ ಮಾಡುವವರು ಅವರೇ, ಕಟ್ಟಡ ಅದೇ! ಅದೂ ಪದವಿ ಕಾಲೇಜಿನ ಪಟ್ಟಿ. ಎಂಎಸ್‌ಗೆ ಬೇಕಾದದ್ದು ಆ ವಿಭಾಗದಲ್ಲಿ ಯಾರಿದ್ದಾರೆ, ಮಗಳಿಗೆ ಬೇಕಾದ ವಿಷಯ ಈ ವರ್ಷ ನಿಜಕ್ಕೂ ಕಲಿಸುತ್ತಾರಾ, ಎಷ್ಟು ಜನರ ಕ್ಲಾಸು ಅನ್ನುವುದು.

ಐ-20ಯಲ್ಲಿ ಕೋರ್ಸು ಯಾವ ವಿಷಯಕ್ಕೆ ಸೇರಿದ್ದು ಅಂತ ತೋರಿಸುವ ಸಿಐಪಿ ಕೋಡನ್ನೂ ನೋಡಿ. ಓದು ಮುಗಿದ ಮೇಲೆ ಕೆಲಸ ಮಾಡಲು ಒಪಿಟಿ ಅಂತ 12 ತಿಂಗಳು ಸಿಗುತ್ತದೆ. ಕೋಡು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳಿಗೆ ಅರ್ಜಿ ಹಾಕಬಹುದು. ಕಂಪ್ಯೂಟರ್ ಸೈನ್ಸ್‌ಗೆ ತೊಂದರೆಯಿಲ್ಲ. ಮ್ಯಾನೇಜ್‌ಮೆಂಟ್ ಬೆರೆತ ಹೆಸರಿನ ಕೋರ್ಸುಗಳಲ್ಲಿ ಮಾತ್ರ ಹುಷಾರು.
– ಉಪನ್ಯಾಸಕಿ, ದಾವಣಗೆರೆ

ಎಲ್ಲರೂ ಸೇರಿ ಬಾಸ್ಟನ್ ಬೇಡ ಅನ್ನುತ್ತೀರಿ ಅಂತ ಗೊತ್ತು. ನಾನು ಅಲ್ಲೇ ಓದಿದವನು, ಸ್ವಲ್ಪ ಪಕ್ಷಪಾತ ಇದ್ದರೆ ಇರಲಿ. ಅಲ್ಲಿ ಕೋ-ಆಪ್ ಅನ್ನುವ ಪದ್ಧತಿ ಇದೆ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಇದು 1909ರಿಂದ ನಡೆದುಬಂದಿದೆ. ಕೋರ್ಸಿನ ಮಧ್ಯೆ ಕೆಲವು ತಿಂಗಳು ಕಂಪನಿಯಲ್ಲಿ ಸಂಬಳದ ಕೆಲಸ. ಮೊದಲ ಕೆಲಸ ಹುಡುಕುವಾಗ ಅದು ತುಂಬಾ ಸಹಾಯಕ್ಕೆ ಬಂತು. ಆದರೆ ಕೋ-ಆಪ್ ತಟ್ಟೆಗೆ ಬಡಿಸುವುದಿಲ್ಲ, ಎಲ್ಲರಂತೆ ಇಂಟರ್‌ವ್ಯೂ ಕೊಟ್ಟೇ ಗಿಟ್ಟಿಸಬೇಕು. ಸಿಗದವರೂ ಇದ್ದರು. ಅದರ ಸಂಬಳವನ್ನು ಫೀಸಿನ ಲೆಕ್ಕಕ್ಕೆ ಹಿಡಿಯಬೇಡಿ. ಬಾಡಿಗೆಯಂತೂ ಕೇಳಲೇಬೇಡಿ.
– ಡೇಟಾ ಎಂಜಿನಿಯರ್, ನ್ಯೂಜೆರ್ಸಿ

ನನ್ನ ಮಗ ಇಂಡಿಯಾನಾದಲ್ಲೇ ಓದಿದ್ದು. ಚಳಿ ಜೋರು, ಬಾಡಿಗೆ ಕಡಿಮೆ. ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತಿದ್ದ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಬಿಡುತ್ತಾರೆ. ಆ ದುಡ್ಡು ಅಕ್ಕಿ, ತರಕಾರಿ, ಫೋನಿಗೆ ಆಗುತ್ತಿತ್ತು, ಫೀಸಿಗೆ ಅಲ್ಲ. ಪಾಠಕ್ಕೋ ಸಂಶೋಧನೆಗೋ ನೆರವಾಗಿ ಯೂನಿವರ್ಸಿಟಿಯಿಂದಲೇ ಸಂಬಳ ಪಡೆಯುವ ಅಸಿಸ್ಟೆಂಟ್‌ಶಿಪ್ ಆಮೇಲೆ ಸಿಗುತ್ತದೆ ಅನ್ನುವ ಮಾತಿನ ಮೇಲೆ ಹೋಗಬೇಡಿ. ಅದು ಮೊದಲು ಪಿಎಚ್‌ಡಿಯವರ ಪಾಲು.
– ಓದುಗರು, ಉಡುಪಿ

ಆಂಟಿ, ಆ ನಾಲ್ಕನೇ ಕಾಲೇಜಿನ ಮಾತನ್ನು ಅಲ್ಲಿಗೇ ಬಿಟ್ಟುಬಿಡಿ. ಸೇರಿದ ದಿನದಿಂದಲೇ ಕೆಲಸ ಅನ್ನುವುದಕ್ಕೆ ಇಲ್ಲಿ ಡೇ-ಒನ್ ಸಿಪಿಟಿ ಅನ್ನುತ್ತಾರೆ. ಸಿಪಿಟಿ ಅಂದರೆ ಓದಿನ ಭಾಗವಾಗಿ ಹೊರಗೆ ಕೆಲಸ ಮಾಡಲು ಸಿಗುವ ಅನುಮತಿ. ಸಾಮಾನ್ಯವಾಗಿ ಒಂದು ವರ್ಷ ಓದಿದ ಮೇಲೆಯೇ ಸಿಪಿಟಿ. ಕೋರ್ಸಿಗೇ ಮೊದಲಿನಿಂದ ಕೆಲಸ ಕಡ್ಡಾಯವಾಗಿದ್ದರೆ ಮಾತ್ರ ವಿನಾಯಿತಿ. ಆ ಕಿಂಡಿಯನ್ನೇ ವ್ಯಾಪಾರ ಮಾಡಿಕೊಂಡ ಕಾಲೇಜುಗಳಿವೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಪದವಿಯ ಒಪಿಟಿ ಹೋಯಿತು.

ಅದಕ್ಕಿಂತ ಕೆಟ್ಟದ್ದೂ ಆಗಿದೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ವೀಸಾ ವಂಚನೆಯ ಆರೋಪದಲ್ಲಿ ದಾಳಿ ನಡೆದಾಗ ನಮ್ಮ ದೇಶದ ಕೆಲವು ವಿದ್ಯಾರ್ಥಿಗಳ ಕಾಲಿಗೆ, ಎಲ್ಲಿದ್ದಾರೆ ಅಂತ ತಿಳಿಯಲು, ರೇಡಿಯೊ ಪಟ್ಟಿ ಕಟ್ಟಿದ್ದರು. ಮಿಷಿಗನ್ನಿನ ಫಾರ್ಮಿಂಗ್ಟನ್ ಯೂನಿವರ್ಸಿಟಿಯನ್ನಂತೂ ವೀಸಾ ವಂಚನೆ ಹಿಡಿಯಲು ಅಮೆರಿಕದ ಸರ್ಕಾರವೇ ಬಲೆಯಾಗಿ ಹುಟ್ಟುಹಾಕಿತ್ತು. ಪಾಠವಿಲ್ಲ, ಮೇಷ್ಟ್ರಿಲ್ಲ. 2019ರ ಜನವರಿಯಲ್ಲಿ ಬಯಲಾದಾಗ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಭಾರತದವರೇ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಕಾಲೇಜುಗಳ ಸರ್ಕಾರಿ ಒಪ್ಪಿಗೆ ಪಟ್ಟಿಯಲ್ಲಿ ಹೆಸರಿದೆ ಅನ್ನುವುದಷ್ಟೇ ಸಾಲದು. ಈ ಎರಡೂ ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಇದ್ದವೇ. ಕಾಲೇಜಿನ ಮಾನ್ಯತೆ ಕೊಟ್ಟ ಸಂಸ್ಥೆಯ ವೆಬ್‌ಸೈಟಿಗೇ ಹೋಗಿ ನೋಡಿ, ಈಗ ಓದುತ್ತಿರುವ ಇಬ್ಬರ ಹತ್ತಿರವಾದರೂ ಮಾತಾಡಿ.

ಡೆಪಾಸಿಟ್ ಕಟ್ಟುವ ಮೊದಲು ಇನ್ನೊಂದು ಕೇಳಿ: ವೀಸಾ ಸಿಗದಿದ್ದರೆ ಅದು ವಾಪಸ್ ಬರುತ್ತದಾ, ಅಥವಾ ಮುಂದಿನ ಸೆಮಿಸ್ಟರ್‌ಗೆ ಸೀಟು ಮುಂದೂಡುತ್ತಾರಾ? ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಸರ್ಕಾರಿ ವ್ಯವಸ್ಥೆಯಾದ ಸೆವಿಸ್‌ನ ಶುಲ್ಕ 350 ಡಾಲರ್ ಮತ್ತು ವೀಸಾ ಅರ್ಜಿಯ 185 ಡಾಲರ್ ಅಂತೂ ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ.
– ಎಂಎಸ್ ವಿದ್ಯಾರ್ಥಿ, ಷಿಕಾಗೊ