ಸಹಾಯ ಬೇಕು: ಒಮಾಹಾ ಹೈ-ಲೋದಲ್ಲಿ ಹೈಗೊಂದು ಜೋಡಿ, ಲೋಗೊಂದು ಜೋಡಿ ಬಳಸಬಹುದೇ?

ಪೋಕರ್ ಬಲ್ಲವರು ದಯವಿಟ್ಟು ನಮ್ಮ ಜಗಳ ಬಿಡಿಸಿ. ಪಣ ಬರೀ ಹುಣಸೆಬೀಜ, ಆದರೂ ಭಾವ ಪಟ್ಟು ಬಿಡುತ್ತಿಲ್ಲ. ಒಮಾಹಾ ಹೈ-ಲೋ ಎಂಬ ಈ ಪೋಕರ್ ಆಟದಲ್ಲಿ ಪಾಟ್ (ಸೇರಿದ ಪಣ) ಅರ್ಧ ಹೈಗೆ, ಅಂದರೆ ಅತಿ ಬಲವಾದ ಐದೆಲೆಗೆ, ಇನ್ನರ್ಧ ಲೋಗೆ, ಅಂದರೆ ಅತಿ ಚಿಕ್ಕ ಐದೆಲೆಗೆ. ಕೈಯಲ್ಲಿರುವ ನಾಲ್ಕರಲ್ಲಿ ಎರಡು, ನಡುವಿನ ಐದರಲ್ಲಿ ಮೂರು ಎಲೆ ಬಳಸಲೇಬೇಕು. ಲೋಗೆ 8 ಅಥವಾ ಅದಕ್ಕಿಂತ ಚಿಕ್ಕ ಐದು ಬೇರೆ ಬೇರೆ ಎಲೆಗಳು ಬೇಕು. ಇಷ್ಟರಲ್ಲಿ ತಕರಾರಿಲ್ಲ.

ನನ್ನ ಕೈಯಲ್ಲಿ ಎಕ್ಕ, 2, ಎರಡು ರಾಜ. ನಡುವೆ 4, 7, 8, ರಾಣಿ, ರಾಜ. ಹೈಗೆ ಮೂರು ರಾಜ ತೋರಿಸಿದೆ, ಲೋಗೆ ಎಕ್ಕ-2 ಸೇರಿಸಿ 8-7-4-2-ಎಕ್ಕ. ಭಾವನ ಲೋ 8-7-4-3-ಎಕ್ಕ. ‘ಹೈಗೆ ರಾಜರನ್ನು ಹಾಕಿದ ಮೇಲೆ ಲೋಗೂ ಅವರೇ ಬರಬೇಕು, ಹಾಗಾಗಿ ಅರ್ಧ ನನ್ನದು’ ಎನ್ನುತ್ತಾರೆ. ನಿಯಮ ಓದಿ ತೋರಿಸಿದೆ. ಅಲ್ಲಿ ‘ಕೈಯಿಂದ ಎರಡು’ ಎಂದಷ್ಟೇ ಇದೆ, ವಾದ ಇನ್ನೂ ಬೆಳೆಯಿತು.

ಹೈ, ಲೋ ಎರಡಕ್ಕೂ ಬೇರೆ ಬೇರೆ ಜೋಡಿ ಬಳಸಬಹುದೇ? ಅಂದರೆ ಇಡೀ ಪಾಟ್ ನನ್ನದೇ, ಅರ್ಧ ಭಾವನದೇ?