ಸಹಾಯ ಬೇಕು: ಕೊಟ್ಟಿಗೆ ಪಕ್ಕದ ಬ್ಲ್ಯಾಕ್ ಬೀನ್ ಮರ

ಎಲ್ಲರಿಗೂ ನಮಸ್ಕಾರ. ಸಿದ್ದಾಪುರದ ಕಡೆ ನಮ್ಮ ಕಾಫಿ ತೋಟದ ಕೊಟ್ಟಿಗೆ ಪಕ್ಕ ಹಳೇ ಕಾಲದ ದೊಡ್ಡ ಮರವೊಂದಿದೆ. ಹೊಳೆಯುವ ಹಸಿರೆಲೆ, ಹಳೇ ಕೊಂಬೆಗಳ ಮೈಮೇಲೇ ಬಿಡುವ ಕೆಂಪು-ಕಿತ್ತಳೆ ಹೂವು, ಗೇಣುದ್ದದ ದಪ್ಪ ಕಾಯಿ, ಒಳಗೆ ಮೂರೋ ನಾಲ್ಕೋ ದೊಡ್ಡ ಕಂದು ಬೀಜ. ಕೃಷಿ ಓದಿದ ಅಳಿಯ ನೋಡಿ ಕ್ಯಾಸ್ಟನೊಸ್ಪರ್ಮಮ್ ಆಸ್ಟ್ರೇಲ್, ಅಂದರೆ ಬ್ಲ್ಯಾಕ್ ಬೀನ್ ಮರ ಅಂದರು. ಹುಣಸೆಯ ಹಾಗೆ ಇದೂ ದ್ವಿದಳ ಧಾನ್ಯಗಳ ಕುಟುಂಬದ್ದೇ, ಹುಣಸೆಯ ಹಾಗೇ ಇಡೀ ಕುಲಕ್ಕೆ (genus) ಒಂದೇ ಪ್ರಭೇದ. ಮೂಲ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮಳೆಕಾಡು.

ಚಿಂತೆ ಇರುವುದು ಬೀಜದ್ದು. ಹಸಿ ಬೀಜ ಮನುಷ್ಯರಿಗೂ ದನಗಳಿಗೂ ವಿಷ. ಅದರಲ್ಲಿ ಸಪೋನಿನ್ (ಸೋಪಿನಂತೆ ನೊರೆ ಬರುವ ಸಸ್ಯ ರಾಸಾಯನಿಕ) ಜೊತೆಗೆ ಕ್ಯಾಸ್ಟನೊಸ್ಪರ್ಮಿನ್ ಎಂಬ ಆಲ್ಕಲಾಯ್ಡ್ (ಸಸ್ಯಗಳಲ್ಲಿರುವ ಸಾರಜನಕಯುಕ್ತ ರಾಸಾಯನಿಕ) ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಬೀಜವನ್ನು ಕತ್ತರಿಸಿ, ದಿನಗಟ್ಟಲೆ ನೀರಲ್ಲಿ ನೆನೆಸಿ ವಿಷ ತೆಗೆದು ತಿನ್ನುತ್ತಿದ್ದರು. ತಲೆಮಾರುಗಳ ಅನುಭವದ ವಿದ್ಯೆ ಅದು, ದಯವಿಟ್ಟು ಯಾರೂ ಮನೆಯಲ್ಲಿ ಮಾಡಿ ನೋಡಬೇಡಿ. ನೋಡಲು ಚೆಸ್ಟ್‌ನಟ್ ಎಂಬ ತಿನ್ನುವ ಬೀಜದ ತರಹ ಇರುವುದರಿಂದ ಮಕ್ಕಳ ಬಗ್ಗೆಯೂ ಭಯ.

ನಿಮ್ಮ ತೋಟದಲ್ಲಿ ಈ ಮರ ಇದೆಯಾ? ದನ ಬೀಜ ತಿಂದದ್ದುಂಟಾ, ಏನೇನು ಲಕ್ಷಣ ಕಂಡಿತು, ಪಶುವೈದ್ಯರು ಏನು ಕೊಟ್ಟರು? ಕಾಯಿ ಬೀಳುವ ಕಾಲಕ್ಕೆ ಕೆಳಗೆ ಬಲೆ ಕಟ್ಟಿದರೆ ಸಾಕಾ, ಬೇಲಿಯೇ ಬೇಕಾ? ಇದಕ್ಕೆ ಕರಿಮೆಣಸು ಹಬ್ಬಿಸಿದವರಿದ್ದರೆ ಅದನ್ನೂ ತಿಳಿಸಿ.

ಕಡಿಯುವ ಸಲಹೆ ಮಾತ್ರ ಬೇಡ. ಹೂ ಬಿಟ್ಟಾಗ ಮಕರಂದಕ್ಕೆ ಹಕ್ಕಿಗಳು ಮುತ್ತಿಕೊಳ್ಳುತ್ತವೆ, ನೆರಳೂ ಚೆನ್ನಾಗಿದೆ. ಕೊಟ್ಟಿಗೆ ಬೇರೆ ಕಡೆ ಹಾಕಬೇಕಾದರೆ ಅದಕ್ಕೂ ತಯಾರಿದ್ದೇವೆ. ಎಲೆ, ಕಾಯಿಯ ಫೋಟೋ ಕೆಳಗೆ ಹಾಕಿದ್ದೇನೆ. ಗುರುತು ತಪ್ಪಿದ್ದರೆ ಗೊತ್ತಿದ್ದವರು ತಿದ್ದಿ.