ರೇಡಿಯೋ ಅಲೆ ಗಾಳಿಯಲ್ಲಿ ‘ಬಾಗುತ್ತದೆ’ ಅನ್ನೋಣವೇ? ‘ಡಕ್ಟ್’ಗೆ ‘ದಂಬೆ’ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ನಡೆಸುವ ರೇಡಿಯೋ ಸಂಪರ್ಕ) ಕಲಿಯುವವರಿಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಗಾಳಿಯಲ್ಲಿ ರೇಡಿಯೋ ಅಲೆಯ ದಾರಿ ಹೇಗೆ ಬದಲಾಗುತ್ತದೆ ಅನ್ನುವ ಪಾಠಕ್ಕೆ ಬಂದು ಎರಡು ವಾರದಿಂದ ಅಲ್ಲೇ ನಿಂತಿದ್ದೇನೆ. ವಿಷಯ ಗೊತ್ತಿಲ್ಲದೆ ಅಲ್ಲ, ಪದ ಸಿಗದೆ.

ಮೊದಲ ತೊಡಕು ‘ರಿಫ್ರಾಕ್ಷನ್’. ಶಾಲೆ ಪುಸ್ತಕದಲ್ಲಿ ಅದು ವಕ್ರೀಭವನ. ನಾವೆಲ್ಲ ಅದನ್ನು ಕಲಿತದ್ದು ಗಾಜಿನ ತುಂಡು, ನಾಲ್ಕು ಗುಂಡುಸೂಜಿ ಇಟ್ಟುಕೊಂಡು, ಅಲ್ವಾ? ಗಾಜಿನ ಅಂಚಿಗೆ ಬಂದ ಬೆಳಕು ಅಲ್ಲೇ ಪಟಕ್ಕನೆ ದಿಕ್ಕು ಬದಲಿಸುತ್ತದೆ. ಆಮೇಲೆ ಮತ್ತೆ ನೇರ. ಆದರೆ ಗಾಳಿಗೆ ಅಂಥ ಅಂಚಿಲ್ಲ. ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ, ತೇವ ಕಡಿಮೆಯಾಗುತ್ತದೆ, ಅಲೆ ಒಂದೊಂದೇ ಕೂದಲೆಳೆಯಷ್ಟು ನೆಲದ ಕಡೆಗೆ ವಾಲುತ್ತದೆ. ಕಾಳು ತುಂಬಿದ ತೆನೆ ವಾಲಿದ ಹಾಗೆ, ಎಲ್ಲೂ ಮುರಿಯದೆ. ಇದಕ್ಕೆ ‘ಬಾಗು’ ಅನ್ನುವುದೇ ಸರಿ ಅಂತ ನನಗೆ ಕಾಣುತ್ತದೆ. ‘ವಕ್ರ’ ಅಂದರೆ ನಮ್ಮ ಕಿವಿಗೆ ವಕ್ರಬುದ್ಧಿ, ವಕ್ರದೃಷ್ಟಿಗಳೇ ಮೊದಲು ಬರುತ್ತವೆ. ಅಲೆ ಪಾಪ ಏನು ತಪ್ಪು ಮಾಡಿದೆ?

ಒಂದು ಆಕ್ಷೇಪ ನನಗೇ ಇದೆ. ಗುಡ್ಡದ ನೆತ್ತಿ ಸವರಿಕೊಂಡು ಆಚೆ ಬದಿಗೆ ಇಳಿಯುವ ಅಲೆಯನ್ನೂ ‘ಬಾಗಿತು’ ಅಂತಲೇ ಹೇಳುತ್ತೇವೆ. ಅದು ವಿವರ್ತನೆ, ಬೇರೆ ಸಂಗತಿ. ಹಾಗಾಗಿ ಲೆಕ್ಕ ಬರುವ ಕಡೆ ವಕ್ರೀಭವನ ಇರಲಿ, ವಿವರಿಸುವ ಕಡೆ ಬಾಗು ಇರಲಿ ಅಂತ ಸದ್ಯಕ್ಕೆ ರಾಜಿ ಮಾಡಿಕೊಂಡಿದ್ದೇನೆ.

ಲೆಕ್ಕ ಇಷ್ಟೇ. ನೆಲದ ಹತ್ತಿರ ಗಾಳಿಯ ವಕ್ರೀಭವನ ಸೂಚ್ಯಂಕ, ಅಂದರೆ ಖಾಲಿ ಜಾಗಕ್ಕಿಂತ ಗಾಳಿಯಲ್ಲಿ ಅಲೆ ಎಷ್ಟು ನಿಧಾನ ಅನ್ನುವ ಅಳತೆ, ಸುಮಾರು 1.0003. ಒಂದರ ಮೇಲಿನ ಆ ಚಿಲ್ಲರೆಯನ್ನು ಹತ್ತು ಲಕ್ಷದಿಂದ ಗುಣಿಸಿ 300 ಅಂತ ಬರೆಯುತ್ತಾರೆ. ಅದರ ಹೆಸರು ‘ಎನ್’. ಮಾಮೂಲಿ ದಿನ ಒಂದು ಕಿ.ಮೀ. ಮೇಲೇರಿದರೆ ಎನ್ ಸುಮಾರು 40 ಇಳಿಯುತ್ತದೆ. ಅಷ್ಟು ಬಾಗಿಗೇ 100 ಮೀಟರ್ ಎತ್ತರದ ಟವರಿನ ದಿಗಂತ, ಅಂದರೆ ಅದರ ಅಲೆ ನೇರ ತಲುಪುವ ದೂರ, 36 ಕಿ.ಮೀ.ನಿಂದ 41 ಕಿ.ಮೀ.ಗೆ ಹೋಗುತ್ತದೆ. ಕಿ.ಮೀ.ಗೆ 157 ಇಳಿದರೆ ಅಲೆಯ ಬಾಗೂ ಭೂಮಿಯ ಉಬ್ಬೂ ಸಮಸಮ. ಮಾಮೂಲಿಗಿಂತ ಜಾಸ್ತಿ ಬಾಗುವುದಕ್ಕೆ ‘ಹೆಬ್ಬಾಗು’ ಅಂತ ಬರೆದು ನೋಡಿದೆ. ವ್ಯಾಕರಣ ಸರಿ, ಆದರೆ ಹೆಬ್ಬಾಗಿಲಿನ ಅರ್ಧ ಕಿತ್ತುಹೋದ ಹಾಗೆ ಕೇಳಿಸುತ್ತದೆ. ಹೊಡೆದು ಹಾಕಿದೆ.

157ನ್ನೂ ಮೀರಿ ಇಳಿದರೆ? ಮೇಲೆ ಹೊರಟ ಅಲೆ ಬಾಗಿ ಕೆಳಗೆ ಬರುತ್ತದೆ, ನೆಲಕ್ಕೋ ನೀರಿಗೋ ತಾಗಿ ಪುಟಿಯುತ್ತದೆ, ಮತ್ತೆ ಬಾಗುತ್ತದೆ. ಹೀಗೇ ಗಾಳಿಯ ಆ ಪದರದೊಳಗೆ ಸಿಕ್ಕಿಕೊಂಡು ದೂರ ದೂರ ಹೋಗುತ್ತದೆ. ಅಲೆಯನ್ನು ಹೀಗೆ ಹಿಡಿದಿಡುವ ಪದರಕ್ಕೇ ಇಂಗ್ಲಿಷಿನಲ್ಲಿ ‘ಡಕ್ಟ್’ ಅನ್ನುವುದು. ಎರಡನೇ ಮಹಾಯುದ್ಧದಲ್ಲಿ ಬೊಂಬಾಯಿಯ ರೇಡಾರೊಂದರ ಪರದೆಯಲ್ಲಿ ಸಮುದ್ರದಾಚೆಯ ಅರೇಬಿಯಾ ಕರಾವಳಿ ಮೂಡಿದ್ದು ಹೀಗೆಯೇ. ಸಾವಿರ ಮೈಲಿಗೂ ಮೀರಿದ ದೂರ! ಬೇಸಿಗೆಯಲ್ಲಿ ಅರೇಬಿಯಾ ಕಡೆಯ ಒಣ, ಬಿಸಿ ಗಾಳಿ ಸಮುದ್ರದ ತಂಪು, ತೇವದ ಗಾಳಿಯ ಮೇಲೆ ಹೊದಿಕೆಯ ಹಾಗೆ ಹರಡಿಕೊಳ್ಳುತ್ತದೆ, ಅಲ್ಲಿ ಎನ್ ಗಕ್ಕನೆ ಇಳಿಯುತ್ತದೆ. ಮಳೆಗಾಲದ ಜೋರು ಗಾಳಿ ಬಂದು ಎಲ್ಲವನ್ನೂ ಕಲಕಿಬಿಟ್ಟರೆ ಆಟ ಮುಗಿಯಿತು.

ಮಲ್ಪೆಯಲ್ಲಿ ಬೋಟಿಗೆ ಹೋಗುವ ನಮ್ಮ ಭಾವನನ್ನು ಕೇಳಿದೆ. “ಮಳೆಗೆ ಮೊದಲು ಕೆಲವು ದಿನ ವಯರ್‌ಲೆಸ್ಸಲ್ಲಿ ಎಲ್ಲೆಲ್ಲಿಯವರೋ ಮಾತಾಡುವುದು ಕೇಳ್ತದೆ ಮಾರಾಯ” ಅಂದರು. ಅದಕ್ಕೆ ನೀವು ಏನಂತೀರಿ ಅಂದರೆ, “ಹೆಸರು ಎಂತಕ್ಕೆ? ಕೇಳ್ತದೆ, ಅಷ್ಟೆ.”

ನನಗೆ ಹೆಸರು ಬೇಕಲ್ಲ! ‘ಡಕ್ಟ್’ ಅಂತಲೇ ಬಿಟ್ಟರೆ ಎ.ಸಿ.ಯ ತಗಡಿನ ಪೆಟ್ಟಿಗೆ ನೆನಪಾಗುತ್ತದೆ. ನಾಳ ಅಂದರೆ ರಕ್ತನಾಳ. ಕೊಳವೆ ಸುತ್ತ ಮುಚ್ಚಿದ್ದು, ಒಳಗಿನದು ಹೊರಗೆ ಬರುವುದೇ ಇಲ್ಲ. ಇಲ್ಲಿ ಹಾಗಲ್ಲ, ತೀರಾ ಮೇಲ್ಮುಖವಾಗಿ ಹೊರಟ ಅಲೆ ಪದರವನ್ನು ದಾಟಿಕೊಂಡು ಹೋಗೇ ಹೋಗುತ್ತದೆ. ಆಗ ಹೊಳೆದದ್ದು ‘ದಂಬೆ’. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆರೆದು, ಗುಡ್ಡದ ನೀರನ್ನು ಮನೆ ಬಾಗಿಲಿಗೆ ತರುತ್ತಿದ್ದರಲ್ಲ, ಅದೇ. ನೀರು ಅದರಲ್ಲೇ ಹರಿಯುತ್ತದೆ, ಜಾಸ್ತಿಯಾದರೆ ಅಂಚು ಮೀರಿ ಚೆಲ್ಲುತ್ತದೆ. ‘ಗಾಳಿದಂಬೆ’ ಅಂದರೆ ಹೇಗೆ? ಹಳೆ ಪದಕ್ಕೆ ಹೊಸ ಕೆಲಸ ಕೊಡುವುದು ರೇಡಿಯೋಗೆ ಹೊಸದೇನಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಕೇಂದ್ರಕ್ಕೆ ‘ಆಕಾಶವಾಣಿ’ ಅನ್ನುವ ಪುರಾಣದ ಮಾತೇ ಹೆಸರಾಯಿತು.

ಇನ್ನು ‘ಪ್ರಿಡಿಕ್ಷನ್’, ಅಂದರೆ ದಂಬೆ ಎಲ್ಲಿ, ಯಾವಾಗ ಇರುತ್ತದೆ ಅಂತ ಮೊದಲೇ ಹೇಳುವುದು. ಗೆಳೆಯರೊಬ್ಬರು ನನ್ನ ಕರಡು ತಿದ್ದುವಾಗ ‘ಅಲೆಗಳ ಭವಿಷ್ಯ’ ಅಂತ ಮಾಡಿದ್ದರು. ಪಕ್ಕದಲ್ಲಿ ಕವಡೆ ಇಟ್ಟುಕೊಂಡು ಓದಬೇಕೇನೋ! ನಿಜವಾಗಿ ನಡೆಯುವುದು ಇದು: ಬಲೂನಿಗೆ ಉಪಕರಣ ಕಟ್ಟಿ ಮೇಲೆ ಬಿಡುತ್ತಾರೆ. ಅದು ಏರುತ್ತಾ ಒತ್ತಡ, ತಾಪ, ತೇವದ ಅಳತೆ ಕಳಿಸುತ್ತದೆ. ಅದರಿಂದ ಎನ್ ಲೆಕ್ಕ ಹಾಕಿ, ಎತ್ತರದ ಪ್ರತಿ ಮೀಟರಿಗೆ 0.157 ಕೂಡಿಸಿ ಗೆರೆ ಎಳೆದರೆ, ಮೇಲೆ ಹೋದಂತೆ ಏರಬೇಕಾದ ಬೆಲೆ ಎಲ್ಲಿ ಇಳಿಯುತ್ತದೋ ಅಲ್ಲಿ ದಂಬೆ ಇದೆ. ಸಮುದ್ರದ ನೀರಿಗೆ ಅಂಟಿಕೊಂಡಿರುವ ದಂಬೆಯ ಎತ್ತರ ಕೆಲವೇ ಮೀಟರಿನಿಂದ 40 ಮೀಟರ್ ಅಷ್ಟೇ. ಬಲೂನು ಅದನ್ನು ಗಮನಿಸುವುದರೊಳಗೆ ದಾಟಿಬಿಟ್ಟಿರುತ್ತದೆ. ಅಲ್ಲಿ ನೀರಿನ ಬಿಸಿ, ಗಾಳಿಯ ವೇಗ, ತೇವ ನೋಡಿ ಅಂದಾಜು ಮಾಡಬೇಕು. ಇದಕ್ಕೆ ‘ಮುನ್ಸೂಚನೆ’ ಸಾಕು ಅಂತ ನನ್ನ ಅಭಿಪ್ರಾಯ.

ಕೊನೆಯದು ‘ಇನ್ವರ್ಷನ್’, ಕೆಳಗೆ ತಂಪು, ಮೇಲೆ ಬಿಸಿ ಇರುವ ಸ್ಥಿತಿ. ಪುಸ್ತಕದ ‘ವಿಲೋಮ’ ನಾಲಿಗೆಗೆ ಹತ್ತುತ್ತಿಲ್ಲ. ಚಳಿಗಾಲದ ಬೆಳಿಗ್ಗೆ ಒಲೆಯ ಹೊಗೆ ಹೆಂಚು ದಾಟಿ ಸ್ವಲ್ಪ ಮೇಲೇರಿ, ಆಮೇಲೆ ಏರಲಾರದೆ ಚಾಪೆಯ ಹಾಗೆ ಅಡ್ಡಡ್ಡ ಹರಡಿಕೊಂಡು ನಿಲ್ಲುತ್ತದಲ್ಲ, ಅದೇ ಸ್ಥಿತಿ. ನಿಮ್ಮ ಊರಿನಲ್ಲಿ ಹೊಗೆ ಹಾಗೆ ನಿಲ್ಲುವುದಕ್ಕೆ ಏನಾದರೂ ಮಾತಿದೆಯೇ? ಮತ್ತೆ, ಅಡಿಕೆ ತೋಟವಿಲ್ಲದ ಬಯಲುಸೀಮೆಯವರಿಗೆ ‘ದಂಬೆ’ ಅಂದರೆ ತಿಳಿಯುತ್ತದೆಯೇ, ಇಲ್ಲ ಸುಮ್ನೆ ‘ಕಾಲುವೆ’ ಅಂದುಬಿಡಲೇ?